ಗಾಡಿಗೆ ದಮ್ ಬರಿಸುವ ಲೆಕ್ಕ

"ಗಾಡಿಗೆ ದಮ್ ಇಲ್ಲ" ಎಂಬ ಮಾತು ನಮ್ಮ ಮುನವಳ್ಳಿಯ ಯಾವ ಗ್ಯಾರೇಜಿನ ಮುಂದೆ ನಿಂತರೂ ದಿನಕ್ಕೆ ನಾಲ್ಕು ಸಲ ಕಿವಿಗೆ ಬೀಳುತ್ತದೆ. ಕನ್ನಡದಲ್ಲಿ ಹಾಗೆಂದರೆ ಶಕ್ತಿ ಇಲ್ಲ ಎಂದರ್ಥ. ನಮ್ಮ ಮನೆಯ ಉರ್ದುವಿನಲ್ಲಿ ದಮ್ ಎಂದರೆ ಮೊದಲು ಉಸಿರು, ಆಮೇಲೆ ಶಕ್ತಿ. ಕಾರಿನ ಇಂಜಿನ್ ಮಟ್ಟಿಗೆ ಈ ಎರಡು ಅರ್ಥ ಬೇರೆ ಬೇರೆ ಅಲ್ಲ. ಇಂಜಿನ್ ಎಷ್ಟು ಗಾಳಿ ಎಳೆದುಕೊಳ್ಳುತ್ತದೋ ಅಷ್ಟೇ ಪೆಟ್ರೋಲ್ ಸುಡಬಲ್ಲದು, ಅಷ್ಟೇ ಜೋರು ಓಡಬಲ್ಲದು.

ಮಾಮುವಿನ ಗ್ಯಾರೇಜಿನಲ್ಲಿ ಭಾನುವಾರ ಕುಳಿತು ಲೆಕ್ಕ ಬರೆಯುವವಳು ನಾನು. ಕಾಮರ್ಸ್ ತೆಗೆದುಕೊಂಡಿದ್ದಕ್ಕೆ ಸಿಕ್ಕ ಮೊದಲ ನೌಕರಿ ಇದು, ಸಂಬಳವಿಲ್ಲ. ಮಾಮುವಿನ ಹಿರಿಯ ಮಗ ಭಾಯಿಜಾನ್ ಹುಬ್ಬಳ್ಳಿಯಲ್ಲಿ ಮೊಬೈಲ್ ಅಂಗಡಿಯಲ್ಲಿ ದುಡಿಯುತ್ತಾನೆ. ಎರಡು ವರ್ಷ ಉಳಿಸಿದ ದುಡ್ಡಿನಲ್ಲಿ 1998ರ ಒಂದು ಮಾರುತಿ ಝೆನ್ ತಂದ. ಕಾರು ಕೊಂಡ ಮೇಲೆ ಅವನ ಕೈಯಲ್ಲಿ ಉಳಿದದ್ದು 40,000 ರೂಪಾಯಿ. ಅದರಲ್ಲಿ ಗಾಡಿಗೆ "ಪಿಕಪ್" ಬರಬೇಕು ಎಂಬುದು ಅವನ ಹಟ. ದೊಡ್ಡ ಸೈಲೆನ್ಸರ್, ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್, ಹೊಸ ಕ್ಯಾಮ್ ಶಾಫ್ಟ್ ಎಂದು ಪಟ್ಟಿ ಹಿಡಿದು ಬಂದಿದ್ದ. ಆ ಪಟ್ಟಿ ಏನಾಯಿತು, ದುಡ್ಡು ಎಲ್ಲಿ ಹೋಯಿತು ಎಂಬುದನ್ನು ನನ್ನ ನೋಟ್‌ಬುಕ್ಕಿನಿಂದಲೇ ಹೇಳುತ್ತೇನೆ.

ಮೊದಲು ಝೆನ್ ಬಗ್ಗೆ. 1993ರಲ್ಲಿ ಬಂದ ಕಾರು. ನಾಲ್ಕು ಸಿಲಿಂಡರ್, 993 ಸಿಸಿ, ಕಾರ್ಬುರೇಟರ್ ಇದ್ದ ಮಾದರಿಗೆ ಸುಮಾರು 50 ಕುದುರೆ ಶಕ್ತಿ. ಒಂದೊಂದು ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಓಡಾಟ 61 ಮಿ.ಮೀ. ಹತ್ತನೇ ತರಗತಿಯ ಸಿಲಿಂಡರ್ ಘನಫಲದ ಸೂತ್ರ ಹಾಕಿ ನಾಲ್ಕರಿಂದ ಗುಣಿಸಿ ನೋಡಿ, 993 ಬರುತ್ತದೆ. ನನಗಂತೂ ಆ ಸೂತ್ರ ಪರೀಕ್ಷೆಯ ಹೊರಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಈ ಇಂಜಿನ್‌ಗೆ ಟರ್ಬೊ ಇಲ್ಲ. ಟರ್ಬೊ ಎಂದರೆ ಗಾಳಿಯನ್ನು ಒತ್ತಿ ಒಳಗೆ ತುಂಬುವ ಪಂಪು. ಅದಿಲ್ಲದ ಇಂಜಿನ್‌ಗೆ ನ್ಯಾಚುರಲಿ ಆಸ್ಪಿರೇಟೆಡ್ ಎನ್ನುತ್ತಾರೆ, ಅಂದರೆ ತನ್ನ ಉಸಿರು ತಾನೇ ಎಳೆದುಕೊಳ್ಳುವಂಥದ್ದು. ಪಿಸ್ಟನ್ ಕೆಳಗೆ ಜಾರಿದಾಗ ಒಳಗೆ ಜಾಗ ಖಾಲಿಯಾಗುತ್ತದೆ, ಹೊರಗಿನ ಗಾಳಿ ತನ್ನ ಒತ್ತಡದಿಂದ ಒಳಗೆ ನುಗ್ಗುತ್ತದೆ, ಅಷ್ಟೆ. ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಎರಡು ಸುತ್ತಿಗೊಮ್ಮೆ 993 ಸಿಸಿ ತುಂಬಿದರೆ ನಿಮಿಷಕ್ಕೆ ಸುಮಾರು 3,000 ಲೀಟರ್ ಗಾಳಿ ಬೇಕು. ಮನೆ ಮೇಲಿನ ಸಾವಿರ ಲೀಟರಿನ ಟಾಕಿ ಮೂರು ತುಂಬುವಷ್ಟು! ಅದೂ ಪೂರ್ತಿ ತುಂಬುವುದಿಲ್ಲ. ದಾರಿಯಲ್ಲಿ ಫಿಲ್ಟರ್, ಕಾರ್ಬುರೇಟರ್, ವಾಲ್ವ್ ಎಲ್ಲವೂ ಒಂದಿಷ್ಟು ತಡೆಯುತ್ತವೆ. ಮೇಲಾಗಿ ನಮ್ಮೂರು ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ. 7ರಷ್ಟು ಕಡಿಮೆ. ಮುಂಬಯಿಯಲ್ಲಿ 50 ಇದ್ದ ಕುದುರೆ ಮುನವಳ್ಳಿಗೆ ಬರುವಷ್ಟರಲ್ಲಿ 46-47 ಆಗಿರುತ್ತವೆ, ಅದೂ ಇಂಜಿನ್ ಹೊಸದಿದ್ದರೆ.

ಭಾಯಿಜಾನ್‌ನ ಇಂಜಿನ್ ಹೊಸದಲ್ಲವಲ್ಲ. ಪಟ್ಟಿ ನೋಡಿದ ಮಾಮು ಏನೂ ಅನ್ನಲಿಲ್ಲ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಚ್ಚಿ, "ಬರಕೋ" ಎಂದು ನನಗೆ ಹೇಳಿದರು. 162, 158, 112, 156. ಒಂದೊಂದು ಸಿಲಿಂಡರಿನಲ್ಲಿ ಗಾಳಿ ಎಷ್ಟು ಒತ್ತಡಕ್ಕೆ ಏರುತ್ತದೆ ಎಂಬುದರ ಅಳತೆ ಅದು. ನಾಲ್ಕೂ ಹತ್ತಿರ ಹತ್ತಿರ ಇರಬೇಕು. ಮೂರನೆಯದು ಸೋರುತ್ತಿದೆ ಎಂಬುದು ನನಗೂ ತಿಳಿಯಿತು. ಎಲ್ಲಿ ಸೋರುತ್ತಿದೆ ಎಂಬುದಕ್ಕೆ ಮಾಮು ಮಾಡಿದ ಉಪಾಯ ನನಗೆ ಬಹಳ ಸೇರಿತು. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು ಮತ್ತೆ ಅಳೆದರು. ಆಯಿಲ್ ಹೋಗಿ ಪಿಸ್ಟನ್ ರಿಂಗಿನ ಸಂದಿ ಮುಚ್ಚುತ್ತದೆ. ಆಗ ಅಂಕೆ ಮೇಲೇರಿದರೆ ರಿಂಗು ಸವೆದಿದೆ, ಇಂಜಿನ್ ಇಳಿಸಬೇಕು, ಖರ್ಚು ದೊಡ್ಡದು. ಏರದಿದ್ದರೆ ಸೋರಿಕೆ ಮೇಲೆ, ವಾಲ್ವಿನಲ್ಲಿ. ನಮ್ಮದು 112 ಇದ್ದದ್ದು 115 ಆಯಿತು. ಭಾಯಿಜಾನ್‌ನ ದುಡ್ಡು ಉಳಿದದ್ದು ಆ ಒಂದು ಚಮಚ ಎಣ್ಣೆಯಿಂದ.

ಇಲ್ಲೊಂದು ಮಾತು. "ಬೋರ್ ಮಾಡಿಸಿದರೆ ಪಿಕಪ್ ಬರುತ್ತದೆ" ಎಂದು ಗ್ಯಾರೇಜಿಗೆ ಬರುವವರೆಲ್ಲ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದೆ. ಅರ್ಧ ಮಿಲಿಮೀಟರ್ ಓವರ್ ಸೈಜ್ ಪಿಸ್ಟನ್ ಹಾಕಿದರೆ 72ರ ಬದಲು 72.5. ನಾಲ್ಕೂ ಸೇರಿ 1,007 ಸಿಸಿ. ಹೆಚ್ಚಿದ್ದು 14 ಸಿಸಿ, ಅಂದರೆ ಶೇ. 1.4. ಅರ್ಧ ಕುದುರೆ ಚಿಲ್ಲರೆ! ಬೋರ್ ಮಾಡಿಸುವುದು ಸವೆದ ಗೋಡೆಯನ್ನು ಮತ್ತೆ ದುಂಡಗೆ ಮಾಡಲಿಕ್ಕೆ. ಸವೆದ ಇಂಜಿನ್‌ಗೆ ಬೋರ್ ಮಾಡಿಸಿದವರಿಗೆ ಪಿಕಪ್ ಬಂದದ್ದು ನಿಜವೇ, ಆದರೆ ಅದು ಸೋರಿಹೋಗಿದ್ದದ್ದು ಮರಳಿ ಬಂದದ್ದು.

ಹೆಡ್ ಬಿಚ್ಚಿದರು. ಮೂರನೆಯ ಸಿಲಿಂಡರಿನ ಎಗ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಸುಟ್ಟು ಕಪ್ಪಾಗಿತ್ತು. ಹೆಡ್ಡನ್ನು ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ದದ್ದಾಯಿತು. ಫೌಂಡ್ರಿಗಳೂ ಲೇತ್ ಅಂಗಡಿಗಳೂ ಇರುವ ಆ ಊರು ಹತ್ತಿರವಿರುವುದು ನಮ್ಮ ಕಡೆಯ ಗ್ಯಾರೇಜುಗಳಿಗೆ ದೊಡ್ಡ ಅನುಕೂಲ. ಅಲ್ಲಿ ವಾಲ್ವ್ ಸೀಟ್ ಕತ್ತರಿಸಿ, ಗೈಡ್ ಬದಲಿಸಿ, ಹೆಡ್ಡಿನ ಕೆಳಮೈ ಡೊಂಕಿದೆಯೇ ಎಂದು ಪಟ್ಟಿ ಇಟ್ಟು ನೋಡಿ ತುಸುವೇ ತುಸು ಸವರಿ ಕೊಟ್ಟರು. ವಾಪಸ್ ಬಂದ ಮೇಲೆ ಮಾಮು ಒಂದೊಂದು ವಾಲ್ವಿಗೂ ಪೇಸ್ಟ್ ಹಚ್ಚಿ, ಕೋಲಿನ ತುದಿಯ ರಬ್ಬರ್ ಬಟ್ಟಲಿನಿಂದ ಹಿಡಿದು, ಮಜ್ಜಿಗೆ ಕಡೆಯುವಂತೆ ಎರಡೂ ಅಂಗೈ ನಡುವೆ ತಿರುಗಿಸಿದರು. ವಾಲ್ವ್ ಕೂರುವ ಜಾಗದಲ್ಲಿ ಸುತ್ತಲೂ ಒಂದೇ ಅಗಲದ ಬೂದು ಗೆರೆ ಮೂಡುವವರೆಗೆ. ಆಮೇಲೆ ಹೆಡ್ಡನ್ನು ಮಗುಚಿಟ್ಟು ವಾಲ್ವಿನ ಮೇಲಿನ ಗುಳಿಗೆ ಪೆಟ್ರೋಲ್ ಹೊಯ್ದು ಚಹಾ ಕುಡಿಯಲು ಹೋದರು. ಕಾಲು ಗಂಟೆಯ ನಂತರವೂ ಒಂದು ಹನಿ ಕೆಳಗಿಳಿದಿರಲಿಲ್ಲ. ಪೆಟ್ರೋಲ್ ಸೋರದ ಕಡೆ ಗಾಳಿಯೂ ಸೋರದು ಎಂಬುದು ಅವರ ಪರೀಕ್ಷೆ.

ಇನ್ನೊಂದು ಸಣ್ಣ ಕೆಲಸ ಮಾಡಿದರು. ಹೆಡ್ಡಿನ ತೂತಿಗೂ ಅದಕ್ಕೆ ಕೂಡುವ ಮ್ಯಾನಿಫೋಲ್ಡಿನ ತೂತಿಗೂ ಅಂಚು ಸರಿಯಾಗಿ ಹೊಂದಿರಲಿಲ್ಲ, ಹೊಸ್ತಿಲಿನ ಹಾಗೆ ಮೆಟ್ಟಿಲು ಉಳಿದಿತ್ತು. ಗ್ಯಾಸ್ಕೆಟ್ ಇಟ್ಟು ಗೆರೆ ಎಳೆದು ಆ ಮೆಟ್ಟಿಲನ್ನು ಕೈಯಿಂದ ತಿಕ್ಕಿ ತೆಗೆದರು. ಕನ್ನಡಿಯಂತೆ ಹೊಳೆಯುವ ಹಾಗೆ ತಿಕ್ಕಬೇಕೆಂದು ಭಾಯಿಜಾನ್ ಅಂದ. ಬೇಡ, ಕಾರ್ಬುರೇಟರ್ ಗಾಡಿಯಲ್ಲಿ ಒಳದಾರಿ ತೀರ ನುಣುಪಾದರೆ ಪೆಟ್ರೋಲ್ ಗಾಳಿಯಲ್ಲಿ ಬೆರೆಯುವ ಬದಲು ಗೋಡೆಗೆ ಹನಿಯಾಗಿ ಅಂಟುತ್ತದೆ ಎಂದರು ಮಾಮು.

ಕಾರ್ಬುರೇಟರಿನ ವಿಷಯ ನಮ್ಮ ಜಿಲ್ಲೆಯವರಿಗೆ ತಿಳಿದಿರಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್. ಅದರಲ್ಲಿ ನಮ್ಮ ಬೆಳಗಾವಿಯ ಕಬ್ಬಿನ ಪಾಲೂ ಇದೆ. ಒಂದು ಕಿಲೊ ಶುದ್ಧ ಪೆಟ್ರೋಲ್ ಸುಡಲು ಸುಮಾರು 14.7 ಕಿಲೊ ಗಾಳಿ ಬೇಕು, ಎಥೆನಾಲ್‌ಗೆ 9 ಸಾಕು. ಬೆರಕೆಗೆ ಸುಮಾರು 13.5. ಹೊಸ ಕಾರಿನಲ್ಲಿ ಸೆನ್ಸರ್ ಇದನ್ನು ನೋಡಿಕೊಂಡು ಪೆಟ್ರೋಲ್ ಹೆಚ್ಚಿಸುತ್ತದೆ. 1998ರ ಕಾರ್ಬುರೇಟರಿಗೆ ಬುದ್ಧಿ ಇಲ್ಲ, ಅದರ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಬಿಡುತ್ತದೆ. ಹೀಗಾಗಿ ಇಂಜಿನ್‌ಗೆ ಇಂಧನ ಸಾಲದೆ ಬಿಸಿ ಏರುತ್ತದೆ, ಮುಗ್ಗರಿಸುತ್ತದೆ. ಮಾಮು ಒಂದು ಅಳತೆ ದೊಡ್ಡ ಜೆಟ್ ಹಾಕಿದರು, ಹಳೆಯ ರಬ್ಬರ್ ಪೈಪುಗಳನ್ನು ಎಥೆನಾಲ್ ತಿನ್ನುತ್ತದೆಂದು ಅವನ್ನೂ ಬದಲಿಸಿದರು. ಪ್ಲಗ್, ಟೈಮಿಂಗ್ ಬೆಲ್ಟ್, ಟ್ಯಾಪೆಟ್, ಇಗ್ನಿಷನ್ ಟೈಮಿಂಗ್ ಇವೆಲ್ಲ ಮಾಮೂಲಿ.

ಅಳೆಯದೆ ನಂಬುವುದಿಲ್ಲ ಎಂದು ಭಾಯಿಜಾನ್ ಅಂದಿದ್ದ. ಶಕ್ತಿ ಅಳೆಯುವ ಯಂತ್ರ ನಮ್ಮೂರಲ್ಲಿ ಇಲ್ಲ. ಅದಕ್ಕೆ ಬೆಳಿಗ್ಗೆ ಗಾಡಿ ಓಡಾಡದ ಹೊತ್ತಿನಲ್ಲಿ, ಒಂದೇ ಏರು ರಸ್ತೆಯಲ್ಲಿ, ಅವರಿಬ್ಬರೇ ಕುಳಿತು, ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಏರಲು ಎಷ್ಟು ಸೆಕೆಂಡ್ ಎಂದು ಮಾಮು ಮೊಬೈಲಿನಲ್ಲಿ ಎಣಿಸಿದರು. ಕೆಲಸಕ್ಕೆ ಮೊದಲು 15.2, ಆಮೇಲೆ 11.4. ಮೂರು ಮೂರು ಸಲದ ಸರಾಸರಿ, ನಾನೇ ಭಾಗಿಸಿದ್ದು. (ನಾನು ಹಿಂದಿನ ಸೀಟಿನಲ್ಲೂ ಇರಲಿಲ್ಲ, ತೂಕ ಹೆಚ್ಚಾಗುತ್ತದೆ ಎಂದು ಇಳಿಸಿದರು. ಅದು ಸರಿಯಾದ ವಿಜ್ಞಾನ ಆದರೂ ನನಗೆ ಸಿಟ್ಟು ಬಂದಿತ್ತು.) ತೂಕದ ಮಾತು ಬಂತಲ್ಲ. ಝೆನ್ ತೂಗುವುದೇ ಮುಕ್ಕಾಲು ಟನ್ ಆಸುಪಾಸು. ಡಿಕ್ಕಿಯಲ್ಲಿದ್ದ ಹಳೇ ಸ್ಪೀಕರ್ ಪೆಟ್ಟಿಗೆ 38 ಕಿಲೊ. ಅದನ್ನು ತೆಗೆದರೆ ತೂಕ ಶೇ. 5 ಇಳಿಯಿತು. ಏರಿನಲ್ಲಿ ಅದು ಎರಡು ಕುದುರೆಗೆ ಸಮ, ಖರ್ಚು ಸೊನ್ನೆ. ಸಮಯ 10.9.

ಕೋನ್ ಫಿಲ್ಟರ್ ಮಾತ್ರ ಭಾಯಿಜಾನ್ ಗೆಳೆಯನಿಂದ ಎರವಲು ತಂದು ಹಾಕಿಯೇ ನೋಡಿದ. ಶಬ್ದ ಜೋರಾಯಿತು, ಸಮಯ 11.6 ಆಯಿತು. ಕಾರಣ ಸುಲಭ. ಕಂಪನಿಯ ಫಿಲ್ಟರ್ ಡಬ್ಬಿ ಹೊರಗಿನ ತಂಪು ಗಾಳಿ ಎಳೆಯುತ್ತದೆ, ತೆರೆದ ಕೋನ್ ಬಾನೆಟ್ ಒಳಗಿನ ಕಾದ ಗಾಳಿ ಎಳೆಯುತ್ತದೆ. ಬೇಸಿಗೆಯ 40 ಡಿಗ್ರಿ ಗಾಳಿಗೂ 70 ಡಿಗ್ರಿ ಗಾಳಿಗೂ ದಟ್ಟಣೆಯಲ್ಲಿ ಶೇ. 9ರ ವ್ಯತ್ಯಾಸ. ಉಸಿರು ತೆಳುವಾದರೆ ದಮ್ ಎಲ್ಲಿಂದ ಬರಬೇಕು?

ಕ್ಯಾಮ್ ಶಾಫ್ಟ್ ಬದಲಿಸುವುದು ಸುಳ್ಳು ವಿದ್ಯೆಯಲ್ಲ. ವಾಲ್ವನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಹೆಚ್ಚು ಸುತ್ತಿನಲ್ಲಿ ಇಂಜಿನ್ ಚೆನ್ನಾಗಿ ಉಸಿರಾಡುತ್ತದೆ. ಟರ್ಬೊ ಇಲ್ಲದ ಇಂಜಿನ್‌ಗೆ ದೊಡ್ಡ ಶಕ್ತಿ ಬರುವ ದಾರಿಯೇ ಸುತ್ತು ಹೆಚ್ಚಿಸುವುದು. ಫಾರ್ಮುಲಾ ಒನ್‌ನಲ್ಲಿ 2013ರವರೆಗೆ ಇದ್ದ 2.4 ಲೀಟರ್ ಇಂಜಿನ್‌ಗಳು ನಿಮಿಷಕ್ಕೆ 18,000 ಸುತ್ತು ತಿರುಗಿ 700ಕ್ಕೂ ಹೆಚ್ಚು ಕುದುರೆ ಶಕ್ತಿ ಕೊಡುತ್ತಿದ್ದವು, ಟರ್ಬೊ ಇಲ್ಲದೆ. ನಮ್ಮ ದೇಶದಲ್ಲೂ ಮಾರುತಿ 800ರ ಮೂರು ಸಿಲಿಂಡರ್ ಇಂಜಿನ್ ಹಾಕಿದ ಫಾರ್ಮುಲಾ ಮಾರುತಿ ರೇಸ್ ಕಾರುಗಳಿದ್ದವು. 2005ರಲ್ಲಿ ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದು ಅಂಥದ್ದರಲ್ಲೇ. ಬೆಂಗಳೂರಿನ ಕರ್ನಾಟಕ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯಂಥ ಕಡೆ ಓಡುವವರಿಗೆ ಇಂಥ ಕ್ಯಾಮ್ ಬೇಕು. ಆದರೆ ಮೇಲೆ ಗಳಿಸಿದ್ದನ್ನು ಅದು ಕೆಳಗೆ ಕಳೆಯುತ್ತದೆ. ಸವದತ್ತಿ ರಸ್ತೆಯಲ್ಲಿ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದೆ 20ರ ವೇಗದಲ್ಲಿ ತೆವಳುವ ಗಾಡಿಗೆ 2,000 ಸುತ್ತಿನಲ್ಲಿ ದಮ್ ಬೇಕೇ ಹೊರತು 7,000ದಲ್ಲಲ್ಲ.

ಸೈಲೆನ್ಸರ್ ಆಸೆಯನ್ನು ಕಾನೂನೇ ಬಿಡಿಸಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಂಪನಿ ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಹಳೆ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣವೂ ಇದೆ, ಅಲ್ಲಿ ಸಿಕ್ಕಿಬೀಳುವುದು ಖಂಡಿತ. ನಮ್ಮ ವಯಸ್ಸಿನವರಿಗೆ ಇದಕ್ಕಿಂತ ದೊಡ್ಡ ಕಲಂ ಇನ್ನೊಂದಿದೆ. 18 ತುಂಬದವರು ಓಡಿಸಿ ಸಿಕ್ಕರೆ ತಂದೆ-ತಾಯಿಗೆ ಅಥವಾ ಗಾಡಿ ಮಾಲೀಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಓಡಿಸಿದವರಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಅಬ್ಬಾ ಇದನ್ನು ನನ್ನ ತಮ್ಮನಿಗೆ ಎರಡು ಸಲ ಓದಿಸಿದ್ದಾರೆ.

ಖರ್ಚು ಹೀಗಾಯಿತು: ಹೆಡ್ ಕೆಲಸ 9,400, ಕಾರ್ಬುರೇಟರ್, ಪ್ಲಗ್, ಬೆಲ್ಟ್ 5,100, ರೇಡಿಯೇಟರ್ 2,300, ಬ್ರೇಕ್ 4,200, ನಾಲ್ಕು ಟಾಯರ್ 13,200. ಒಟ್ಟು 34,200. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಗಾಡಿ ನಿಲ್ಲಿಸುವುದಕ್ಕೆ, ಓಡಿಸುವುದಕ್ಕಲ್ಲ. ಆ ಬಗ್ಗೆ ಭಾಯಿಜಾನ್ ಗೊಣಗಿದ. ಹಳೆಯ ಟಾಯರುಗಳ ಮೇಲೆ ಅಚ್ಚಾದ ನಾಲ್ಕು ಅಂಕಿ 1413 ಎಂದಿದ್ದವು, ಅಂದರೆ 2013ರ ಹದಿನಾಲ್ಕನೇ ವಾರದಲ್ಲಿ ತಯಾರಾದವು. ಅದನ್ನು ತೋರಿಸಿದ ಮೇಲೆ ಮಾಮಿಜಾನ್ ಒಂದೇ ಮಾತಿನಲ್ಲಿ ಚರ್ಚೆ ಮುಗಿಸಿದರು.

ಅಕೌಂಟೆನ್ಸಿ ಓದುವ ಗೆಳತಿಯರು ಕೇಳಬಹುದು, ಈ 34,200 ರೆವಿನ್ಯೂ ಖರ್ಚೋ ಕ್ಯಾಪಿಟಲ್ ಖರ್ಚೋ ಎಂದು. ರಿಪೇರಿ ಅಂದರೆ ರೆವಿನ್ಯೂ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಸೆಕೆಂಡ್ ಹ್ಯಾಂಡ್ ಆಸ್ತಿ ಕೊಂಡು, ಉಪಯೋಗಕ್ಕೆ ಹಚ್ಚುವ ಮೊದಲು ಅದನ್ನು ಸರಿಪಡಿಸಲು ಮಾಡಿದ ಖರ್ಚು ಕ್ಯಾಪಿಟಲ್, ಕಾರಿನ ಬೆಲೆಗೆ ಕೂಡಬೇಕು. ಮುಂದಿನ ಸಲದ ಆಯಿಲ್ ಬದಲಾವಣೆ ಮಾತ್ರ ರೆವಿನ್ಯೂ.

ಭಾಯಿಜಾನ್ ಹತ್ತಿರ ಇನ್ನೂ 5,800 ಇದೆ. ಸಾವಿರ ಕಿಲೋಮೀಟರ್ ಆದ ಮೇಲೆ ಟ್ಯಾಪೆಟ್ ಮತ್ತೆ ನೋಡಿ, ಕಂಪ್ರೆಷನ್ ಮತ್ತೆ ಅಳೆಯಬೇಕೆಂದು ಮಾಮು ಹೇಳಿದ್ದಾರೆ. ಮೀಟರ್ ಈಗ 640ಕ್ಕೆ ಬಂದಿದೆ. ನಾಲ್ಕು ಅಂಕಿಗೆ ನನ್ನ ನೋಟ್‌ಬುಕ್ಕಿನಲ್ಲಿ ಜಾಗ ಬಿಟ್ಟಿದ್ದೇನೆ.