ಆರ್ಟ್ಸ್ ಓದಿ ಏನ್ ಮಾಡ್ತೀಯಾ?

ಎಸ್ಸೆಸ್ಸೆಲ್ಸಿ ಮುಗಿಸಿದವರೇ,
"ಆರ್ಟ್ಸ್ ಯಾಕೆ?" ಅಂತ ಮನೇಲಿ ಕೇಳಿದ್ರಾ?

ರನೌಟ್ ಅನುಮಾನ ಬಂದ್ರೆ
ಥರ್ಡ್ ಅಂಪೈರ್ ಏನ್ ಮಾಡ್ತಾರೆ?
ಅದೇ ಬಾಲನ್ನ ನಾಲ್ಕು ಕ್ಯಾಮೆರಾದಲ್ಲಿ ನೋಡ್ತಾರೆ.
ಆರ್ಟ್ಸ್ ಅಂದ್ರೂ ಅಷ್ಟೇ: ಒಂದೇ ವಿಷಯ, ನಾಲ್ಕು ನೋಟ.

12ನೇ ಶತಮಾನದಲ್ಲಿ ಬಸವಣ್ಣನವರು, ಶರಣರು ಇದ್ದ ಕಲ್ಯಾಣವನ್ನೇ ತಗೊಳ್ಳಿ.

ಇತಿಹಾಸ ಪುರಾವೆ ಕೇಳುತ್ತೆ.
ಬಸವಣ್ಣನವರ ಹೆಸರಿರೋ ಶಾಸನ ಎಲ್ಲಿದೆ?
ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ.
1260ರದ್ದು.

ಧರ್ಮದ ಅಧ್ಯಯನ ನಂಬಿಕೆಯನ್ನ ನೋಡುತ್ತೆ.
ದೇವರು ಗುಡಿ ಬಿಟ್ಟು
ಅಂಗೈ ಮೇಲಿನ ಇಷ್ಟಲಿಂಗವಾದಾಗ,
ನಡುವೆ ನಿಂತಿದ್ದ ಪೂಜಾರಿ ಕತೆ ಏನು?

ಸಾಹಿತ್ಯ ದನಿ ಆಲಿಸುತ್ತೆ.
ಶರಣರ ವಚನಗಳಲ್ಲಿ ಸಂಸ್ಕೃತ ಬಿಟ್ಟು ಆಡುಗನ್ನಡ ಯಾಕೆ?
ಅಕ್ಕಮಹಾದೇವಿಯ ದನಿ ಬೇರೆ,
ಅಂಬಿಗರ ಚೌಡಯ್ಯನ ಖಾರ ಬೇರೆ. ಹೇಗೆ?

ಮನಃಶಾಸ್ತ್ರ ಮನಸ್ಸಿಗಿಳಿಯುತ್ತೆ.
ಶರಣರಾದ ಹರಳಯ್ಯ, ಮಧುವರಸರ ಮಕ್ಕಳು
ಜಾತಿ ಮೀರಿ ಮದುವೆಯಾದ್ರು,
ಕಲ್ಯಾಣ ಹೊತ್ತಿ ಉರೀತು ಅನ್ನುತ್ತೆ ಪರಂಪರೆ.
ಒಂದು ಮದುವೆಗೆ
ಜನ ಅಷ್ಟು ಸಿಟ್ಟಾಗೋದು ಯಾಕೆ?

ಈ ಪ್ರಶ್ನೆ ಇವತ್ತಿನ ನ್ಯೂಸ್‌ಪೇಪರ್‌ನಲ್ಲೂ ಇದೆ.

ವಕೀಲರಿಗೆ, ಪತ್ರಕರ್ತರಿಗೆ,
ಮೇಷ್ಟ್ರಿಗೆ, ಐಎಎಸ್ ಓದೋರಿಗೆ
ಬೇಕಾಗಿರೋದು ಹೀಗೆ ನಾಲ್ಕೂ ಕಡೆಯಿಂದ ನೋಡೋ ಅಭ್ಯಾಸ.

ಮಾರ್ಕ್ಸ್ ಕಮ್ಮಿ ಬಂತು ಅಂತ ಆರ್ಟ್ಸ್ ತಗೋಬೇಡಿ.
ಪ್ರಶ್ನೆ ಕೇಳೋ ಆಸೆ ಇದ್ರೆ ತಗೊಳ್ಳಿ.