ನಿವೃತ್ತಿಯ ಹೊಸ್ತಿಲಲ್ಲಿ ದಂಪತಿಗಳು

ಮದುವೆಗೆ, ಮನೆ ಕಟ್ಟುವುದಕ್ಕೆ, ಮಕ್ಕಳ ವಿದ್ಯಾಭ್ಯಾಸಕ್ಕೆ ನಮ್ಮ ಸದ್ಗೃಹಸ್ಥರು ವರ್ಷಗಟ್ಟಲೆ ಸಿದ್ಧತೆ ನಡೆಸುತ್ತಾರೆ. ಆದರೆ ತಾರೀಖು ಸಹಿತ ಮೊದಲೇ ಗೊತ್ತಿರುವ ನಿವೃತ್ತಿಗೆ ಅಣಿಯಾಗುವವರು ವಿರಳ. ಕರ್ನಾಟಕ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಎರಡು ವರ್ಷಗಳ ಅವಕಾಶ ಹೆಚ್ಚಿತಾದರೂ ಸಿದ್ಧತೆ ಹೆಚ್ಚಿದಂತೆ ಕಾಣದು.

ಹಾಸನದಲ್ಲಿ ನಮಗೆ ಬಹುಕಾಲದಿಂದ ಪರಿಚಿತರಾದ ದಂಪತಿಗಳೊಬ್ಬರ ಮನೆಗೆ ಹೋಗಿದ್ದೆವು. ಯಜಮಾನರು ಹೊಳೆನರಸೀಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯರು. ನಿವೃತ್ತಿಗೆ ಒಂದು ವರ್ಷ ಉಳಿದಿದೆ. ಪಿತ್ರಾರ್ಜಿತ ಹೊಲ ಅರಕಲಗೂಡು ತಾಲ್ಲೂಕಿನಲ್ಲಿ. ಆಕೆಯ ತವರು ಚನ್ನರಾಯಪಟ್ಟಣದ ತೆಂಗಿನ ಸೀಮೆ. ಮಗ ಬೆಂಗಳೂರಿನಲ್ಲಿ. ನಿವೃತ್ತಿಯ ಇಡುಗಂಟನ್ನು ತನ್ನ ಫ್ಲ್ಯಾಟಿಗೆ ಕೊಡಬೇಕು, ಹಾಸನದ ಮನೆಯನ್ನೂ ತನ್ನ ಹೆಸರಿಗೆ ಮಾಡಿಸಬೇಕು ಎಂಬುದು ಅವನ ಅಪೇಕ್ಷೆ.

"ಹೇಗಿದ್ದರೂ ಅವನದೇ ಅಲ್ಲವೇ?" ಎಂದರು ಯಜಮಾನರು. ಆ ತಾಯಿ ಕಾಫಿಯ ಲೋಟ ಮುಂದಿಟ್ಟು, "ಶಾಸ್ತ್ರಿಗಳೇ, ಮೂವತ್ತೈದು ವರ್ಷ ಬೆಳಗಾದರೆ ಬಸ್ಸು ಹತ್ತಿದವರು ಇವರು. ನಾಳೆ ಬಸ್ಸು ಹತ್ತದೆ ಏನು ಮಾಡುತ್ತಾರೆ ಎಂಬ ಚಿಂತೆಯೊಂದು. ಇವರು ಹೋದಮೇಲೆ ನಾನು ಯಾರ ಮುಂದೆ ಕೈ ಚಾಚಬೇಕು ಎಂಬುದು ಇನ್ನೊಂದು. ನೀವೇ ಹೇಳಿ" ಎಂದರು.

ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹಲವು ವರ್ಷಗಳ ಹಿಂದೆ ಇಂಥದೇ ಮನೆಯೊಂದರಲ್ಲಿ "ಕೊಟ್ಟುಬಿಡಿ, ಮಕ್ಕಳಲ್ಲಿ ನಂಬಿಕೆ ಇರಲಿ" ಎಂದು ಉಪದೇಶಿಸಿದವರು ನಾವೇ. ಆ ಹಿರಿಯರು ಇಂದು ಔಷಧಿಯ ದುಡ್ಡಿಗೂ ಮಗನ ಮುಖ ನೋಡಬೇಕಾಗಿದೆ. ಲೋಕಜ್ಞಾನವಿಲ್ಲದೆ ಉಪದೇಶ ಮಾಡಿದ ತಪ್ಪು ನಮ್ಮನ್ನು ಈಗಲೂ ಕಾಡುತ್ತದೆ. ಆದುದರಿಂದ ಈ ಸಲ ತಿಳಿದವರನ್ನು ವಿಚಾರಿಸಿ, ಒಂದು ವಾರದ ನಂತರ ಮತ್ತೆ ಹೋದೆವು.

ಮೊದಲನೆಯದು ಕಾಗದಪತ್ರ. ಪಿಂಚಣಿಯ ಕಡತವು ಇಲಾಖೆಯ ಮೂಲಕ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗಿ ಮಂಜೂರಾಗಬೇಕು. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರು ಒಂದು ರೀತಿ, ಆಧಾರ್ ಚೀಟಿಯಲ್ಲಿ ಇನ್ನೊಂದು ರೀತಿ ಇದ್ದರೆ ಮುಂದೆ ಕುಟುಂಬ ಪಿಂಚಣಿಗೆ ಅಲೆದಾಟ ತಪ್ಪದು. ಪತಿಪತ್ನಿಯರ ಜಂಟಿ ಭಾವಚಿತ್ರವೂ ಬೇಕು. ಮದುವೆಯ ನಂತರ ಇಬ್ಬರೇ ಕುಳಿತು ತೆಗೆಸಿದ ಭಾವಚಿತ್ರ ಆ ಮನೆಯಲ್ಲಿರಲಿಲ್ಲ!

ಎರಡನೆಯದು ಹಣ. ಪಿಂಚಣಿಯ ಮೂರನೆಯ ಒಂದು ಭಾಗವನ್ನು ಇಡುಗಂಟಾಗಿ ಪಡೆದರೆ, ಕಡಿತವಾದ ಆ ಭಾಗ ಮರಳಿ ಸೇರುವುದು 15 ವರ್ಷಗಳ ನಂತರ. ಎಂದಮೇಲೆ ಆ ಗಂಟು ಮುಂದಿನ ದಿನಗಳ ಅನ್ನವೇ ಹೊರತು ಅನಾಯಾಸವಾಗಿ ಬಂದ ಸಂಪತ್ತಲ್ಲ. ಅಂಚೆ ಕಚೇರಿ, ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಐದು ವರ್ಷದ ಅವಧಿಗೆ ಹಣವಿಟ್ಟರೆ ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಸೇರುತ್ತದೆ. ಅದರ ಮಿತಿ 2023ರಲ್ಲಿ 30 ಲಕ್ಷ ರೂಪಾಯಿಗೆ ಏರಿದೆ. ಪತಿಪತ್ನಿಯರು ಜಂಟಿಯಾಗಿಯೂ ಖಾತೆ ತೆರೆಯಬಹುದು.

ಮೂರನೆಯದು ಮನೆ. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗೆ 2007ರಲ್ಲಿ ಕಾಯಿದೆಯಾಯಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದೆ ಹೋದರೆ, ಆ ದಾನಪತ್ರವನ್ನು ರದ್ದುಪಡಿಸುವ ಅಧಿಕಾರ ಅದರ 23ನೆಯ ಪ್ರಕರಣದಲ್ಲಿದೆ. ಆದರೆ ಷರತ್ತನ್ನು ಪತ್ರದಲ್ಲಿಯೇ ಬರೆಸಿರುವುದು ಕ್ಷೇಮ. ಮರಣಾನಂತರ ಸಲ್ಲುವಂತೆ ಉಯಿಲು ಬರೆದಿಡುವುದು ಅದಕ್ಕಿಂತ ಸುಲಭದ ದಾರಿ.

ಇದು ಅವಿಶ್ವಾಸವಲ್ಲವೇ ಎಂದು ಯಜಮಾನರು ನೊಂದು ಕೇಳಿದರು. ಆಗ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಪತಿ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿ ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬನ್ನಿರೆಂದ ಶರಣೆ ಆಕೆ. ಎಷ್ಟು ಬೇಕು, ಎಷ್ಟು ಬೇಡ ಎಂಬುದನ್ನು ಮನೆಯೊಡತಿ ಬಲ್ಲಳು. ಅವಳ ಮಾತಿಗೆ ಮಾರಯ್ಯ ಕಿವಿಗೊಟ್ಟನು. ಅತ್ಯಾಸೆ ಹೇಗೆ ತಪ್ಪೋ, ನಾಳೆ ಮಕ್ಕಳಿಗೆ ಭಾರವಾಗುವಂತೆ ಬರಿಗೈಯಾಗುವುದೂ ಹಾಗೆಯೇ ವಿವೇಕವಲ್ಲ. ದಂಪತಿಗಳು ಒಟ್ಟಿಗೆ ಕುಳಿತು ಲೆಕ್ಕ ನೋಡುವುದೂ ಧರ್ಮವೇ.

ಹಾಗೆಯೇ ಅವರು ಕುಳಿತು ನಿರ್ಧರಿಸಿದರು. ವಾಸ ಹಾಸನದಲ್ಲಿಯೇ, ಜಿಲ್ಲಾ ಆಸ್ಪತ್ರೆ ಹತ್ತಿರವಿದೆ, 2017ರಲ್ಲಿ ಹೊಸ ರೈಲುಮಾರ್ಗ ಆರಂಭವಾದ ಮೇಲೆ ಚನ್ನರಾಯಪಟ್ಟಣದ ಮಾರ್ಗವಾಗಿ ಬೆಂಗಳೂರಿಗೂ ಹೋಗಿ ಬರಬಹುದು. ಮನೆ ಇಬ್ಬರ ಕಾಲಾನಂತರ ಮಕ್ಕಳಿಗೆ. ಇಡುಗಂಟಿನಲ್ಲಿ ಒಂದು ಪಾಲು ಮಾತ್ರ ಮಗನಿಗೆ. ಯಜಮಾನರು ವಾರಕ್ಕೆರಡು ದಿನ ಅರಕಲಗೂಡಿನ ಹೊಲಕ್ಕೆ. ಉಳಿದ ಸಂಜೆ ಬೀದಿಯ ಬಡ ಮಕ್ಕಳಿಗೆ ಗಣಿತಪಾಠ. ನಿವೃತ್ತಿ ನೌಕರಿಗುಂಟು, ಕಾಯಕಕ್ಕೆಲ್ಲಿಯದು?

ಮಗ ಕೆಲವು ದಿನ ದೂರವಾಣಿ ಮಾಡಲಿಲ್ಲವಂತೆ. ತಾಯಿ ಕಣ್ಣೀರಿಟ್ಟರೂ ಮಾತು ಬದಲಿಸಲಿಲ್ಲ. ಹಬ್ಬಕ್ಕೆ ಮೊಮ್ಮಗಳೊಡನೆ ಅವನೇ ಬಂದನು. ಗೋಡೆಯ ಮೇಲೆ ಹೊಸದಾಗಿ ಕಟ್ಟು ಹಾಕಿಸಿದ್ದ ಜಂಟಿ ಭಾವಚಿತ್ರವನ್ನು ಬಹಳ ಹೊತ್ತು ನೋಡಿ, "ಅಪ್ಪಾಜಿ, ಇದರದೊಂದು ಪ್ರತಿ ನನಗೂ ಬೇಕು" ಎಂದನಂತೆ.

ಓದುಗ ಬಂಧುಗಳೇ, ನಿಮ್ಮ ಮನೆಯಲ್ಲಿಯೂ ನಿವೃತ್ತಿ ಸಮೀಪಿಸಿದ್ದರೆ ಇಂದೇ ಒಂದು ಸಂಜೆ ಇಬ್ಬರೂ ಕೂಡಿ ಕುಳಿತುಕೊಳ್ಳಿ. ಶುಭವಾಗಲಿ.