ಕ್ರಿಯಾಪದವೂ ಉಪವಾಕ್ಯವೂ

ನಮಗೆ ಬರುವ ಇಂಗ್ಲಿಷ್ ಪತ್ರಗಳಲ್ಲಿ ‘ಐ ವಾಂಟ್ ದಟ್ ಯು ಷುಡ್ ಕಮ್’ ಎಂಬಂಥ ವಾಕ್ಯಗಳನ್ನು ಆಗಾಗ ಕಾಣುತ್ತೇವೆ. ಈ ಒಂದು ತಪ್ಪಿನಿಂದಲೇ ಅರ್ಜಿದಾರನ ಯೋಗ್ಯತೆಯನ್ನು ಅಳೆಯುವವರುಂಟು. ಆದರೆ ದೋಷವು ಬುದ್ಧಿಯದಲ್ಲ. ಕನ್ನಡದಲ್ಲಿ ‘ಬರಬೇಕೆಂದು ಬಯಸುತ್ತೇನೆ’, ‘ಬರಬೇಕೆಂದು ಸೂಚಿಸುತ್ತೇನೆ’ ಎಂದು ಎರಡಕ್ಕೂ ‘ಎಂದು’ ಎಂಬ ಒಂದೇ ಅವ್ಯಯವು ಸಾಲುವುದು. ಇಂಗ್ಲಿಷಿನಲ್ಲಾದರೋ ಒಂದೊಂದು ಕ್ರಿಯಾಪದಕ್ಕೆ ಒಂದೊಂದು ಕಟ್ಟಳೆ. ‘ವಾಂಟ್’ ಎಂಬುದರ ಮುಂದೆ ‘ದಟ್’ ಸಲ್ಲದು. ‘ಐ ವಾಂಟ್ ಯು ಟು ಕಮ್’ ಎನ್ನಬೇಕು. ‘ಸಜೆಸ್ಟ್’ ಎಂಬುದು ಇದಕ್ಕೆ ವಿರುದ್ಧ. ‘ಐ ಸಜೆಸ್ಟ್ ಯು ಟು ಕಮ್’ ತಪ್ಪು, ‘ಐ ಸಜೆಸ್ಟ್ ದಟ್ ಯು ಕಮ್’ ಸರಿ. ಉಪಾಧ್ಯಾಯರು ಈ ಭೇದವನ್ನು ಕನ್ನಡದ ಮೂಲಕವೇ ತೋರಿಸಿದರೆ ವಿದ್ಯಾರ್ಥಿಯು ಬೇಗನೆ ಗ್ರಹಿಸುವನು. ಗದರಿಕೆಯಿಂದ ಎಂದಿಗೂ ಗ್ರಹಿಸನು. ಪರಭಾಷೆಯನ್ನು ಶುದ್ಧವಾಗಿ ಬರೆಯಲು ಸ್ವಭಾಷೆಯ ವ್ಯಾಕರಣವೇ ಮೊದಲ ಮೆಟ್ಟಿಲು.